ಬಾಣಂತಿಗೆ ಚಾರ್ಜು ಬೇಡವಂತೆ

ನನ್ನ ಮೊದಲ ಹೆರಿಗೆ ಸೊರಬದ ತವರುಮನೆಯಲ್ಲಿ ಆಯಿತು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾನು ಶಿಕಾರಿಪುರದಲ್ಲಿ ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದೆ. ಮೂರು ತಿಂಗಳ ಹೆರಿಗೆ ರಜೆಗೆ ಅರ್ಜಿ ಕೊಡಲು ಹೋದಾಗ ನಮ್ಮ ಹೆಡ್ ಮಿಸ್ಸು, ನಾವೆಲ್ಲ ದೊಡ್ಡ ಅಕ್ಕೋರು ಎಂದು ಕರೆಯುತ್ತಿದ್ದವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾ ಜನವರಿಗೆ ರಿಟೈರಾಗ್ತೀನಿ. ಸೀನಿಯಾರಿಟಿಯೊಳಗ ನನ್ನ ನಂತರ ನೀನೇ. ಕೂಸು ಹೆತ್ತು ಬಾ. ಈ ಕುರ್ಚಿ ಎಲ್ಲೂ ಓಡಿ ಹೋಗಲ್ಲ," ಅಂದರು.

ಅದೇ ಕೋಣೆಯಲ್ಲಿ ಕಿಟಕಿ ಪಕ್ಕ ಕೂತು ಹಾಜರಿ ತುಂಬುತ್ತಿದ್ದ ವಿಜ್ಞಾನದ ಅಕ್ಕೋರು ತಲೆ ಎತ್ತಲಿಲ್ಲ. ಹಿರಿತನದಲ್ಲಿ ನನ್ನ ನಂತರ ಅವರು. ಶಿಕಾರಿಪುರದ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಮುಸ್ಲಿಂ ಮನೆತನದವರು. ಆ ಮನೆಯಿಂದ ಸಂಬಳದ ಕೆಲಸಕ್ಕೆ ಹೊರಟ ಮೊದಲ ಹೆಣ್ಣು. ಅವರು ತಲೆ ಎತ್ತದೆ ಇದ್ದದ್ದನ್ನು ನಾನು ಗಮನಿಸಿದೆ. ಆಮೇಲೆ ಅದು ಮನಸ್ಸಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಿನ ಉಳಿಯಿತು.

ಡಿಸೆಂಬರಿನ ಚಳಿಯಲ್ಲಿ ಮಗಳು ಹುಟ್ಟಿದಳು. ತವರುಮನೆ ಸೊರಬದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಹಿತ್ತಿಲ ಕಡೆಯ ಸಣ್ಣ ಕೋಣೆಯೇ ಬಾಣಂತಿ ಕೋಣೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡದ ಮಡಕೆ, ಊಟಕ್ಕೆ ಮೆಣಸಿನ ಸಾರು. ಗಂಡಸರು ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅಪ್ಪ ಕೂಡ ಬಾಗಿಲ ಹೊರಗೇ ನಿಂತು, "ಹೇಗಿದೆ ಕೂಸು?" ಎಂದು ಕೇಳಿ ಹಾಗೇ ಹೋಗುತ್ತಿದ್ದರು. ಅವರು ಮೇಷ್ಟ್ರಾಗಿ ರಿಟೈರಾದವರು. ಊರವರ ಮಾತಿಗೆ ಸೊಪ್ಪು ಹಾಕದೆ ನನ್ನನ್ನು ಶಿವಮೊಗ್ಗಕ್ಕೆ ಟ್ರೈನಿಂಗಿಗೆ ಕಳಿಸಿದವರೂ ಅವರೇ.

ಜನವರಿಯ ಮೊದಲ ಶನಿವಾರ ವಿಜ್ಞಾನದ ಅಕ್ಕೋರು ಕೂಸು ನೋಡಲು ಬಂದರು. ಶನಿವಾರ ಅರ್ಧ ದಿನದ ಶಾಲೆ. ಮುಗಿದ ಕೂಡಲೇ ಬಸ್ಸು ಹಿಡಿದು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಕೂಸಿಗೆಂದು ತಮ್ಮ ಅಂಗಡಿಯ ತೆಳುವಾದ ಮೆತ್ತನೆ ಮಲ್ ಬಟ್ಟೆ ತಂದಿದ್ದರು. ಅದೇ ಹೊತ್ತಿಗೆ ಹೊಸಬಾಳೆಯ ಶಾಲೆಯ ಅಕ್ಕೋರೂ ಬಂದರು. ಅವರು ಅಮ್ಮನಿಗೆ ದೂರದ ಸಂಬಂಧ, ವಿಧವೆ, ನಮ್ಮೆಲ್ಲರಿಗಿಂತ ಹಿರಿಯರು. ಇವರಿಬ್ಬರಿಗೆ ಹಿಂದಿನ ಪರಿಚಯವಿರಲಿಲ್ಲ. ಆದರೂ ಶಾಲೆಯ ಮಾತು ಶುರುವಾದ ಮೇಲೆ ಕೊನೆಯ ಬಸ್ಸಿನ ಹೊತ್ತಾದರೂ ಏಳಲಿಲ್ಲ.

ಮುಂದಿನ ಶನಿವಾರವೂ ಬಂದರು. ಈ ಸಲ ಇನ್ನೊಬ್ಬಳು ಸೇರಿಕೊಂಡಳು. ನನ್ನ ಹತ್ತಿರವೇ ಲೆಕ್ಕ ಕಲಿತ ಹುಡುಗಿ. ಈಗ ಕ್ಯಾಸನೂರಿನ ಆಚೆ, ಕಾಡಿನಂಚಿನ ಹಳ್ಳಿಯ ಶಾಲೆಯಲ್ಲಿ ಒಬ್ಬಳೇ ಟೀಚರು. ಅಮ್ಮ ಅವಳನ್ನು ಅಂಗಳದಲ್ಲೇ ತಡೆದಳು.

"ನಿಮ್ಮೂರ ಕಡೆ ಮಂಗ ಸತ್ತಿದಾವೇನೇ?"

"ಇಲ್ಲಮ್ಮ, ಈ ವರ್ಷ ಇನ್ನೂ ಎಂತ ಸುದ್ದಿ ಇಲ್ಲ."

"ಕಾಡು ದಾರೀಲಿ ಬಂದೆಯಾ? ಸೀರೆ ಒದರು. ಉಣುಗು ಇದ್ರೆ? ಒಳಗೆ ಹಸಿ ಕೂಸು ಇದೆ."

ಮಂಗನ ಕಾಯಿಲೆಯ ಹೆದರಿಕೆ ನಮ್ಮ ಕಡೆ ಚಳಿಗಾಲದ ಜೊತೆಗೇ ಬರುತ್ತಿತ್ತು. ಸತ್ತ ಮಂಗದ ಮೈಯಿಂದ ಉದುರುವ ಉಣುಗು, ಆ ಸಣ್ಣ ಹುಳ, ಕಚ್ಚಿದರೆ ಆ ಜ್ವರ ಬರುತ್ತದೆಂದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ಪಾಪ, ಆ ಹುಡುಗಿ ಸೀರೆ ಒದರಿ, ಕೈಕಾಲು ತೊಳೆದು, ಸೆರಗಿನ ಅಂಚು ತೋರಿಸಿಯೇ ಒಳಗೆ ಬಂದಳು. ಅಮ್ಮ ಹಾಗೆ ಯಾರನ್ನೂ ನಂಬುತ್ತಿರಲಿಲ್ಲ. ವಿಜ್ಞಾನದ ಅಕ್ಕೋರು ಕೂಸಿನ ಮುಖ ನೋಡಿ "ಎಷ್ಟು ಚಂದ ಅದಾಳ" ಅಂದರೆ, ಅವರು ಹೋದ ಮೇಲೆ ದೃಷ್ಟಿ ತೆಗೆಯುತ್ತಿದ್ದಳು. ಕೊಟ್ಟ ಲೋಟವನ್ನು ಬೇರೆ ಇಡುತ್ತಿದ್ದಳು. ನಾನು ಕೇಳಿದರೆ, "ನಿಂಗೆ ಗೊತ್ತಾಗಲ್ಲ, ಸುಮ್ನಿರು," ಎನ್ನುತ್ತಿದ್ದಳು.

ಆ ಕೋಣೆಯಲ್ಲಿ ನಾವೇನು ಮಾತಾಡುತ್ತಿದ್ದೆವು? ಶಾಲೆಯ ಸ್ಟಾಫ್ ರೂಮಿನಲ್ಲಿ ಆಡಲಾಗದ್ದನ್ನು. ಅಲ್ಲಿ ಒಂದೇ ಉದ್ದನೆ ಮೇಜು. ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಮೇಷ್ಟ್ರುಗಳು, ತುದಿಯಲ್ಲಿ ನಾವು. ಇಲ್ಲಿ ಬಾಗಿಲು ಮುಂದೆ ಮಾಡಿದರೆ ಯಾವ ಗಂಡಸೂ ಬರುವಂತಿಲ್ಲ. ದೊಡ್ಡವಳಾದ ಹುಡುಗಿ ಶಾಲೆ ಬಿಟ್ಟರೆ ಅವಳ ತಾಯಿಯ ಹತ್ತಿರ ಹೇಗೆ ಮಾತಾಡಬೇಕು, ಒಬ್ಬಳೇ ನಾಲ್ಕು ತರಗತಿಗೆ ಹೇಗೆ ಪಾಠ ಹಂಚಬೇಕು, ತನಿಖೆಗೆ ಬಂದ ಸಾಹೇಬರು ಗದರಿದರೆ ಏನು ಉತ್ತರ ಕೊಡಬೇಕು ಎಂದೆಲ್ಲ ಮಾತಾಡುತ್ತಿದ್ದೆವು. ಕೂಸು ತೊಡೆಯ ಮೇಲೆ ಮಲಗಿರುವಾಗ ನಾನು ಚಿಕ್ಕ ಟೀಚರಿಗೆ ಟೈಮ್ ಟೇಬಲ್ ಹಾಕಿಕೊಟ್ಟಿದ್ದೇನೆ. ಅಧಿಕಾರಿಗಳ ಎದುರು ಕುರ್ಚಿಯಿಂದ ಎದ್ದು ಮಾತಾಡುವುದನ್ನು ಹೊಸಬಾಳೆಯ ಅಕ್ಕೋರು ಇಲ್ಲೇ ಅಭ್ಯಾಸ ಮಾಡಿದರು. ನಾನು ಮಂಚದ ಮೇಲೆ ಸಾಹೇಬರ ಹಾಗೆ ಕೂತು, "ಏನಮ್ಮಾ, ಏನು ನಿಮ್ದು?" ಎಂದು ಕೇಳುತ್ತಿದ್ದೆ. ಅವರಿಗೆ ನಗು ಬಂದು ಮಾತು ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ.

ಸೊರಬದಲ್ಲಿ ನಡೆದ ಆ ತಿಂಗಳ ಶಿಕ್ಷಕರ ಸಭೆಯಲ್ಲಿ ಅವರು ನಿಜವಾಗಿಯೂ ಎದ್ದು ನಿಂತರು. ಹೆಣ್ಣುಮಕ್ಕಳಿಗೆ ಮರೆಯಾದ ಒಂದು ಪಾಯಿಖಾನೆ ಇಲ್ಲದೆ ದೊಡ್ಡ ತರಗತಿಗೆ ಹುಡುಗಿಯರು ಹೇಗೆ ಬರುತ್ತಾರೆ ಎಂದು ಕೇಳಿದರು. ಅಲ್ಲಿಯವರೆಗೆ ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತು ಸಹಿ ಹಾಕಿ ಎದ್ದು ಬರುವುದು ವಾಡಿಕೆ. ಯಾರೋ ಹಿಂದಿನಿಂದ, "ಇದನ್ನ ಯಾರು ಹೇಳಿಕೊಟ್ರು ಇವ್ರಿಗೆ?" ಅಂದರಂತೆ.

ಅಲ್ಲಿಂದ ನಮ್ಮ ಮೇಲೆ ಕಣ್ಣು ಬಿತ್ತು. ಶಿಕಾರಿಪುರದಲ್ಲಿ ವಿಜ್ಞಾನದ ಅಕ್ಕೋರನ್ನು ನಮ್ಮ ಶಾಲೆಯ ಮೇಷ್ಟ್ರೊಬ್ಬರು, "ಕೂಸನ್ನ ಎಷ್ಟು ಸಲ ನೋಡ್ತೀರಿ ಅಕ್ಕೋರೆ? ಇನ್ನೂ ನೋಡಿ ಮುಗೀಲಿಲ್ಲೇನು?" ಎಂದು ಕೇಳಿದರಂತೆ. ಇಲ್ಲಿ ಸೊರಬದಲ್ಲಿ ಪಕ್ಕದ ಮನೆಯಾಕೆ ಶನಿವಾರ ಮಧ್ಯಾಹ್ನವಾದರೆ ಹಿತ್ತಿಲ ಬೇಲಿಯ ಹತ್ತಿರ ಬಟ್ಟೆ ಒಣಗಿಸಲು ಬರತೊಡಗಿದಳು. ಅಪ್ಪ ಸಂಜೆ ವಾಕಿಂಗ್ ಹೋಗಿ ಬಂದವರು ಮುಖ ಗಂಟು ಹಾಕಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದರು. ಒಂದು ದಿನ ಬಾಗಿಲ ಹೊರಗಿನಿಂದ, "ವಾರ ವಾರ ಎಂತ ನಡೀತದೆ ಇಲ್ಲಿ?" ಅಂದರು. "ಸುಮ್ನೆ ಮಾತಾಡ್ತೀವಪ್ಪ," ಅಂದೆ. ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಅವರ ಕಾಲು ಬಾಗಿಲ ಕೆಳಗಿನ ಸಂದಿಯಲ್ಲಿ ನನಗೆ ಕಾಣುತ್ತಿತ್ತು.

ಅದೇ ವಾರ ಯಾರೋ ಗಂಡಸರು ಮನೆಗೆ ಬಂದಿದ್ದರು. ಜಗುಲಿಯಿಂದ ಅಪರಿಚಿತ ದನಿ ಕೇಳಿಸಿತು, ಕಾಫಿ ಕಾಸುವ ವಾಸನೆ ಬಂತು. ಅಮ್ಮನನ್ನು ಕೇಳಿದೆ. "ನಿಮ್ಮಪ್ಪನ ಹಳೇ ಶಿಷ್ಯ ಅಂತೆ, ಈಗ ಸಾಹೇಬ," ಅಂದು ಎಣ್ಣೆ ಬಟ್ಟಲು ಎತ್ತಿಕೊಂಡು ಹೋದಳು. ನಾನು ಮತ್ತೆ ಕೇಳಲಿಲ್ಲ.

ತಿಂಗಳ ಕೊನೆಗೆ ದೊಡ್ಡ ಅಕ್ಕೋರು ನಿವೃತ್ತರಾದರು. ಆ ಶನಿವಾರ ವಿಜ್ಞಾನದ ಅಕ್ಕೋರು ಬರಲಿಲ್ಲ. ಹೊಸಬಾಳೆಯ ಅಕ್ಕೋರು ಬಂದವರು ಕೂಸನ್ನೂ ಎತ್ತಿಕೊಳ್ಳದೆ ಗೋಡೆಗೆ ಒರಗಿ ಕೂತರು.

"ನಿಂಗೆ ಗೊತ್ತಾ? ನಿಮ್ಮ ಶಾಲೆ ಚಾರ್ಜು ಆ ಮೇಷ್ಟ್ರಿಗೆ ಕೊಟ್ರಂತೆ."

ಕೂಸನ್ನು ಎಷ್ಟು ಸಲ ನೋಡ್ತೀರಿ ಎಂದು ಕೇಳಿದ್ದ ಅದೇ ಮೇಷ್ಟ್ರು. ಸರ್ವೀಸಿನಲ್ಲಿ ನನಗಿಂತಲೂ ವಿಜ್ಞಾನದ ಅಕ್ಕೋರಿಗಿಂತಲೂ ಎಷ್ಟೋ ಕಿರಿಯರು. ಚಾರ್ಜು ಎಂದರೆ ಹೆಡ್ಡಿನ ಕುರ್ಚಿ, ಬೀರುವಿನ ಬೀಗದಕೈ, ಶಾಲೆಯ ಎಲ್ಲ ತೀರ್ಮಾನ.

"ನನ್ನ ಯಾರೂ ಕೇಳ್ಲೇ ಇಲ್ವಲ್ಲ!"

"ಕೇಳಿದ್ರಂತೆ. ಬಾಣಂತಿಗೆ ಚಾರ್ಜು ಬೇಡವಂತೆ, ಅಂತ ಯಾರೋ ಹೇಳಿದಾರೆ. ಶಿಕಾರಿಪುರದ ಎಜುಕೇಶನ್ ಆಫೀಸಲ್ಲಿ ಅದೇ ಮಾತು."

ಯಾರು ಎಂದು ಅವರಿಗೂ ತಿಳಿದಿರಲಿಲ್ಲ. ಅವರು ಹೋದ ಮೇಲೆ ನಾನು ಗೋಡೆ ಕಡೆ ತಿರುಗಿ ಮಲಗಿದೆ. ನನ್ನ ಮನಸ್ಸು ನೇರವಾಗಿ ಅಂದು ಬಾರದಿದ್ದ ವಿಜ್ಞಾನದ ಅಕ್ಕೋರ ಕಡೆಗೇ ಹೋಯಿತು. ಅವರು ಕೇಳಿದ್ದ ಪ್ರಶ್ನೆಗಳೆಲ್ಲ ಒಂದೊಂದಾಗಿ ನೆನಪಾದವು. ರಜೆ ಮುಂದುವರಿಸ್ತೀರೇನು? ಕೂಸಿಗೆ ಹಾಲು ಸಾಕಾಗ್ತದೇನು? ಬೇಸಿಗೆ ಮುಗಿಯೋವರೆಗೂ ಇಲ್ಲೇ ಇರಬೌದಲ್ಲ? ಅಂದು ಅಕ್ಕರೆ ಎನಿಸಿದ್ದು ಈಗ ಬೇರೆ ತರಹ ಕೇಳಿಸಿತು. ನನ್ನ ಹೆಸರು ತೆಗೆದರೆ ತಮಗೆ ಬರುತ್ತದೆಂದು ಲೆಕ್ಕ ಹಾಕಿರಬೇಕು, ಆಫೀಸಿನವರು ಇಬ್ಬರನ್ನೂ ಬಿಟ್ಟು ಗಂಡಸಿಗೆ ಕೊಟ್ಟಿರಬೇಕು. ಈಗ ಮುಖ ತೋರಿಸಲು ನಾಚಿಕೆಯಾಗಿರಬೇಕು. ಹೀಗೆ ಜೋಡಿಸಿದೆ. ಎಲ್ಲವೂ ಸರಿಯಾಗಿ ಕೂತಿತು.

"ಆ ಸಾಬರ ಅಕ್ಕೋರು ಯಾಕೆ ಬರ್ಲಿಲ್ಲ?" ಎಂದು ಅಮ್ಮ ಕೇಳಿದಳು. ನಾನು ಎಲ್ಲ ಹೇಳಿದೆ. ನನ್ನ ಅನುಮಾನವನ್ನೂ ಹೇಳಿದೆ. ಹೂಂ ಅನ್ನುತ್ತಾಳೆ, ನಾ ಆವತ್ತೇ ಹೇಳಿರಲಿಲ್ವಾ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಏನೂ ಅನ್ನದೆ ಕೂಸಿನ ಬಟ್ಟೆ ಮಡಚುತ್ತ ಕೂತಳು. ಅಮ್ಮ ಸುಮ್ಮನಿದ್ದದ್ದು ನನಗೆ ವಿಚಿತ್ರವೆನಿಸಿತು.

ಇನ್ನೊಂದು ಶನಿವಾರವೂ ಅವರು ಬರಲಿಲ್ಲ. ಅದರ ಮುಂದಿನ ವಾರ ಬಂದರು. ಕೂರಲಿಲ್ಲ. ಚೀಲವನ್ನು ಹೆಗಲಿನಿಂದ ಇಳಿಸಲೂ ಇಲ್ಲ. ನಾನೂ ಕೂತ್ಕೊಳ್ಳಿ ಎನ್ನಲಿಲ್ಲ.

"ಎರಡು ವಾರ ಬರ್ಲಿಲ್ಲ," ಅಂದೆ.

"ಬಂದು ಏನ್ ಮಾಡ್ಲಿ ರೀ? ನೀವು ನನಗ ಒಂದು ಮಾತು ಹೇಳಬೌದಿತ್ತು."

"ಎಂಥ ಮಾತು? ಬಾಣಂತಿಗೆ ಚಾರ್ಜು ಬೇಡ ಅಂತ ಹೇಳಿದವ್ರು ಯಾರು ಅಂತ ನೀವೇ ಹೇಳಿ."

"ಅಂದ್ರ? ನೀವು ಹೇಳಿಲ್ಲೇನು?"

"ನಾನ್ಯಾಕೆ ಹೇಳ್ಲಿ?"

"ನೀವೇ ಅಂದಿರಿ ಅಂತ ಆಫೀಸಿನಾಗ ಸಾಹೇಬರು ನನ್ನ ಎದುರಿಗೇ ಹೇಳಿದ್ರು. ಹಂಗಾದ್ರ ನನ್ನ ಹೆಸರು ಯಾಕ ಬರ್ಲಿಲ್ಲ ಸಾರ್ ಅಂತ ಕೇಳ್ದೆ. ಒಬ್ಬ ಹೆಂಗಸು ಬ್ಯಾಡ ಅಂದ್ಮ್ಯಾಲೆ ಇನ್ನೊಬ್ಬಾಕೀನ ಏನು ಕೇಳೋದು, ಅಂದ್ರು. ಎರಡು ವಾರದಿಂದ ನಿಮ್ಮ ಮ್ಯಾಲೆ ನನಗ ಎಷ್ಟು ಸಿಟ್ಟು ಬಂದಿತ್ತು ಗೊತ್ತೇನ್ರಿ? ವಾರ ವಾರ ನಮಗೆಲ್ಲ ಎದ್ದು ನಿಲ್ರಿ, ಕೇಳ್ರಿ ಅಂತ ಹೇಳಿ, ತಾನು ಮಾತ್ರ ಹಿಂದ ಸರಿದಾಳ ಅಂತ. ನಾ ಇಲ್ಲಿಗೆ ಬಂದು ಹೋದ ಸುದ್ದೀನೂ ನೀವೇ ಆ ಮೇಷ್ಟ್ರಿಗೆ ಮುಟ್ಟಿಸ್ತಿರಬೇಕು ಅಂತ ಅನುಮಾನ ಆಗಿತ್ತು."

ನಾನು ಅವರ ಬಗ್ಗೆ ಜೋಡಿಸಿದ ಹಾಗೆಯೇ ಅವರೂ ನನ್ನ ಬಗ್ಗೆ ಜೋಡಿಸಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಬಿಸಿನೀರಿನ ಚೊಂಬು.

"ಇವ್ರಲ್ಲ ಕಣೇ. ನಿಮ್ಮಪ್ಪ."

"ಎಂತ?"

"ಆ ಸಾಹೇಬ ಕಾಫಿಗೆ ಬಂದಿದ್ನಲ್ಲ. ಅಕ್ಕೋರಿಗೆ ಚಾರ್ಜು ಬರೋದಿದೆ, ಏನು ಮಾಡ್ಲಿ ಮೇಷ್ಟ್ರೇ ಅಂದ. ಅವ್ಳಿಗೆ ಬೇಡ, ಹಸಿ ಬಾಣಂತಿ, ಅವಳಿಗೂ ಮನಸ್ಸಿಲ್ಲ ಅಂದ್ರು ಇವ್ರು. ಲೋಟ ತಗೊಳ್ಳಕೆ ಹೋದಾಗ ಕೇಳ್ದೆ. ನೀ ಮಲಗಿದ್ದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿ ಮನೇಲಿ ಜಗಳ ಮಾಡ್ಸದಾ?" ಅಮ್ಮ ಚೊಂಬು ಕೆಳಗಿಟ್ಟಳು. ವಿಜ್ಞಾನದ ಅಕ್ಕೋರ ಕಡೆ ನೋಡದೆ, "ಮಾಡದೆ ಇದ್ದೋರ ಮೇಲೆ ಹಾಕ್ಬಾರ್ದು. ಕೂತ್ಕೊಳ್ಳಿ ನೀವು," ಅಂದಳು.

ಸಂಜೆ ಅಪ್ಪ ವಾಕಿಂಗಿನಿಂದ ಬಂದರು. ನಾನು ತಲೆಗೆ ಬಟ್ಟೆ ಕಟ್ಟಿಕೊಂಡೇ ಜಗುಲಿಗೆ ಹೋದೆ. ಬಾಣಂತಿ ಜಗುಲಿಗೆ ಬಂದದ್ದರಲ್ಲೇ ಅವರಿಗೆ ವಿಷಯ ಗೊತ್ತಾಗಿರಬೇಕು. ಕೇಳುವ ಮೊದಲೇ ಹೇಳಿದರು.

"ನಿನ್ನ ಒಳ್ಳೇದಕ್ಕೇ ಹೇಳಿದ್ದು. ಹೆಂಗಸು ಹೆಡ್ಡಾದ್ರೆ ಊರು ಎಂತೆಲ್ಲ ಮಾತಾಡ್ತದೆ ಅಂತ ನಂಗೆ ಗೊತ್ತು. ಸರ್ವೀಸೆಲ್ಲ ನೋಡಿದೀನಿ. ಈಗಾಗ್ಲೇ ಪೇಟೆಲಿ ನನ್ನ ನಿಲ್ಸಿ ಕೇಳ್ತಾರೆ, ನಿಮ್ಮನೇಲಿ ಎಂತ ಸಂಘ ಕಟ್ತಿದಾರೆ ಮೇಷ್ಟ್ರೇ ಅಂತ."

"ನನ್ನ ಓದಿಸಿದ್ದು ನೀವೇ ಅಲ್ವಾ ಅಪ್ಪ?"

"ಓದ್ಸಿದ್ದು ಪಾಠ ಮಾಡ್ಲಿ ಅಂತ. ಸಾಹೇಬರ ಎದುರು ಜಗಳ ಕಾಯ್ಲಿ ಅಂತಲ್ಲ."

"ನನ್ನ ಒಂದು ಮಾತು ಕೇಳ್ಬಹುದಿತ್ತು."

ಅವರು ಶಾಲು ಹೊದ್ದುಕೊಂಡು ಬೀದಿ ಕಡೆ ನೋಡಿದರು. ಆ ರಾತ್ರಿ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಗಿತ್ತು. ನನ್ನ ಪರವಾಗಿ ಇನ್ನೂ ಏನೇನು ಹೇಳಿರಬಹುದು, ನಾನು ಶಾಲೆಗೆ ಹೋಗಲು ಶುರು ಮಾಡಿದ ಕಾಲದಿಂದ ಯಾರ್ಯಾರ ಹತ್ತಿರ ಏನೇನು ಮಾತಾಡಿರಬಹುದು ಎಂದು ಹುಡುಕುತ್ತ ಹೋದೆ.

ಸೋಮವಾರ ಬೆಳಿಗ್ಗೆ ಶಿಕಾರಿಪುರಕ್ಕೆ ಹೊರಟೆ. ಇನ್ನೂ ಮೂರು ತಿಂಗಳು ತುಂಬಿರಲಿಲ್ಲ, ಬಿಸಿಲು ಗಾಳಿಗೆ ಹೋಗಬಾರದು ಎಂದು ಅಮ್ಮ ತಡೆಯುತ್ತಾಳೆಂದುಕೊಂಡೆ. ಅವಳು ಸೀರೆ ಬದಲಿಸಿ, ಕೂಸನ್ನು ಕಂಬಳಿಯಲ್ಲಿ ಸುತ್ತಿ, ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದಳು. "ಹಾಲು ಕುಡಿಸೋವಾಗ ಕೂಸು ಬೇಕಲ್ಲ," ಅಂದಳು ಅಷ್ಟೇ. ಅಪ್ಪ ಒಳಗಿನಿಂದ ಬರಲಿಲ್ಲ.

ಶನಿವಾರವೇ ಮಾತಾಗಿದ್ದಂತೆ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ವಿಜ್ಞಾನದ ಅಕ್ಕೋರು ಕಾಯುತ್ತಿದ್ದರು. ಸುದ್ದಿ ಹೇಗೋ ತಿಳಿದು ನನ್ನ ಗಂಡನೂ ಸೈಕಲ್ಲು ಹಿಡಿದು ಬಂದರು. ಅವರು ಅಲ್ಲಿಯ ಸಹಕಾರಿ ಸಂಘವೊಂದರಲ್ಲಿ ಕೆಲಸದಲ್ಲಿದ್ದರು.

"ನೀನು ಚಾರ್ಜು ಬೇಡ ಅಂದೆ ಅಂತ ನಾನೂ ಕೇಳಿದ್ದೆ," ಅಂದರು. "ನಿನಗೇ ಬೇಡ ಅನ್ಸಿರಬೇಕು ಅಂದ್ಕೊಂಡು ಸುಮ್ನಾದೆ."

ಅದು ನಿಜವೋ, ಇಲ್ಲ ಮಾವ ಅಳಿಯ ಇಬ್ಬರೂ ಸೇರಿ ಮಾತಾಡಿಕೊಂಡಿದ್ದೋ, ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅವರು ನಮ್ಮ ಜೊತೆ ಆಫೀಸಿನ ಗೇಟಿನವರೆಗೆ ಬಂದು ಅಲ್ಲೇ ನಿಂತರು.

ಸಾಹೇಬರು ಅಮ್ಮನನ್ನು ನೋಡಿ ಎದ್ದು ನಿಂತರು. ಕಾಫಿ ಕೊಟ್ಟವಳ ಗುರುತು ಸಿಕ್ಕಿತ್ತು. ಕುರ್ಚಿ ಹಾಕಿಸಿದರು. ನಾನು ಕೂರಲಿಲ್ಲ.

"ಸಾರ್, ಚಾರ್ಜು ಬೇಡ ಅಂತ ನಾನು ಹೇಳಿಲ್ಲ. ನನಗೆ ಬೇಕು."

"ನಿಮ್ಮ ತಂದೆಯವರೇ ಹೇಳಿದ್ರಲ್ಲಮ್ಮ?"

"ನೌಕರಿ ನಂದು ಸಾರ್. ನನ್ನ ಕೇಳ್ಬೇಕಿತ್ತು."

ಪಕ್ಕದಿಂದ ವಿಜ್ಞಾನದ ಅಕ್ಕೋರು, "ನಾನೂ ಬ್ಯಾಡ ಅಂದಿಲ್ಲ ಸಾರ್. ಇವರು ರಜೆ ಮುಗಿಸಿ ಬರೋತನಕ ನಾ ನೋಡ್ಕೋತೀನಿ. ಬಂದ ಮ್ಯಾಲೆ ಇವರಿಗೆ ಬಿಟ್ಟುಕೊಡ್ತೀನಿ," ಅಂದರು.

ಸಾಹೇಬರು ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಒಟ್ಟಿಗೆ ಬಂದಿದೀರಿ. ಮೊದಲೇ ಮಾತಾಡ್ಕೊಂಡಿರೋ ಹಾಗಿದೆ. ಸೊರಬದಲ್ಲಿ ವಾರ ವಾರ ಏನೋ ಮೀಟಿಂಗು ನಡೀತದೆ ಅಂತಾರಲ್ಲ, ಅದರದ್ದೇ ಏನು ಇದು?"

"ಮೀಟಿಂಗು ಗೀಟಿಂಗು ಎಂತದೂ ಇಲ್ಲ ಸಾರ್," ಅಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೇಳಿದಳು. "ಕೂಸು ನೋಡಕೆ ಬರ್ತಾರೆ."

ಅಷ್ಟು ಸಲೀಸಾಗಿ ಅವಳು ಸುಳ್ಳು ಹೇಳಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಸಾಹೇಬರು ಅರ್ಜಿ ಕೊಟ್ಟು ಹೋಗಿ, ನೋಡೋಣ ಅಂದರು. ಆ ನೋಡೋಣ ಎಷ್ಟು ದಿನದ್ದೋ ಎಂದುಕೊಂಡೆ. ಆದರೆ ಫೆಬ್ರವರಿ ಮುಗಿಯುವ ಮೊದಲೇ ಆದೇಶವಾಯಿತು. ಮೇಷ್ಟ್ರು ತರಗತಿಗೆ ಹಿಂತಿರುಗಿದರು, ಚಾರ್ಜು ವಿಜ್ಞಾನದ ಅಕ್ಕೋರಿಗೆ ಹೋಯಿತು.

"ಬಿಟ್ಟುಕೊಡ್ತಾರಾ ಅವ್ರು?" ಎಂದು ಅಮ್ಮ ಕೇಳಿದಳು. ನಾನು ಕೊಡ್ತಾರೆ ಅಂದೆ. ಅಂದಷ್ಟು ಧೈರ್ಯ ಒಳಗಿರಲಿಲ್ಲ.

ಮಾರ್ಚಿನಲ್ಲಿ ಒಂದು ಸೋಮವಾರ ಕೆಲಸಕ್ಕೆ ಸೇರಿದೆ. ವಿಜ್ಞಾನದ ಅಕ್ಕೋರು ದೊಡ್ಡ ಅಕ್ಕೋರ ಕುರ್ಚಿಯಲ್ಲಿ ಕೂತಿದ್ದರು. ನಗುತ್ತ ಮಾತಾಡಿಸಿದರು, ಮಗಳ ಕ್ಷೇಮ ಕೇಳಿದರು, ಚಾರ್ಜಿನ ಮಾತೆತ್ತಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ನಾನೇ ಕೇಳಿದೆ. "ಎರಡು ದಿವಸ ತಡೀರಿ," ಅಂದರು. ನಾನು ತರಗತಿಗೆ ಹೋಗಿ ಬೋರ್ಡಿನ ಮೇಲೆ ಬರೆದ ಲೆಕ್ಕವನ್ನೇ ತಪ್ಪು ಮಾಡಿದೆ. ಕುರ್ಚಿಯಲ್ಲಿ ಕೂತ ಮೇಲೆ ಏಳುವುದು ಯಾರಿಗೂ ಸುಲಭವಲ್ಲ ಎಂದುಕೊಂಡೆ. ಆಫೀಸಿನಲ್ಲಿ ನನ್ನ ಪಕ್ಕ ನಿಂತು ಆಡಿದ ಮಾತು ಕೂಡ ಮೊದಲೇ ಲೆಕ್ಕ ಹಾಕಿದ್ದೇನೋ ಅನಿಸಿತು.

ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಸ್ಟಾಫ್ ರೂಮಿಗೆ ಕರೆದರು. ರಜೆಯ ಮೇಲೆ ಊರಿಗೆ ಹೋಗಿದ್ದ ಆ ಮೇಷ್ಟ್ರು ಅಂದೇ ಬಂದಿದ್ದರು. ವಿಜ್ಞಾನದ ಅಕ್ಕೋರು ಎಲ್ಲರ ಎದುರು ಬೀಗದಕೈ ಗೊಂಚಲು ನನ್ನ ಕೈಗಿಟ್ಟು, "ಇವತ್ತಿನಿಂದ ಇವರು ನಮ್ಮ ಹೆಡ್ಡು," ಅಂದರು. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಚಪ್ಪಾಳೆ ತಟ್ಟಿದರು.

ಹೊರಗೆ ಬಂದ ಮೇಲೆ ಕೇಳಿದೆ, "ಇಷ್ಟು ದಿನ ಯಾಕೆ ಕಾಯಿಸಿದ್ರಿ?"

"ಅವರು ಇಲ್ದಾಗ ಕೊಟ್ರ ಏನು ಪ್ರಯೋಜನ ರೀ? ಅವರು ಕಣ್ಣಾರೆ ನೋಡ್ಬೇಕಿತ್ತು," ಅಂದು ಸೆರಗು ಸರಿಮಾಡಿಕೊಂಡು ತರಗತಿಗೆ ಹೋದರು.

ಯುಗಾದಿಗೆ ಸೊರಬಕ್ಕೆ ಹೋದಾಗ ಅಪ್ಪ ಜಗುಲಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಬಹಳ ಹೊತ್ತಿನ ಮೇಲೆ, "ಆಯಮ್ಮ ಬಿಟ್ಟುಕೊಟ್ಳಾ?" ಎಂದು ಕೇಳಿದರು.

"ಕೊಟ್ರು."

"ತಾನಾಗೇ?"

"ತಾವಾಗೇ."

ಅಪ್ಪ ನಂಬದವರ ಹಾಗೆ ತಲೆ ಆಡಿಸಿದರು. "ಅದರ ಬದ್ಲಿಗೆ ಎಂತ ಕೇಳಿದ್ಲು?"

ಏನೂ ಕೇಳಲಿಲ್ಲ ಅಂದೆ. ಅವರು ಮತ್ತೇನೋ ಕೇಳಲು ಹೊರಟು, ಕೂಸು ಅವರ ಕನ್ನಡಕಕ್ಕೆ ಕೈ ಹಾಕಿದ್ದರಿಂದ ಅದನ್ನು ಬಿಡಿಸಿಕೊಳ್ಳುವುದರಲ್ಲಿ ತೊಡಗಿದರು.